ಹೂಂಗುಟ್ಟಿದ ಸೊಸೆ

ಹನ್ನೊಂದು ವರ್ಷದ ಹಿಂದೆ ಅತ್ತೆಗೆ "ಹೂಂ" ಅಂದದ್ದು ಯಾವ ಮಾತಿಗೆ ಎಂದು ಸೊಸೆಗೆ ಇವತ್ತು ನಾಲ್ಕು ಗಂಟೆಯೊಳಗೆ ತಿಳಿಯಬೇಕಿತ್ತು. ನಾಲ್ಕಕ್ಕೆ ನಾದಿನಿ ಬರುವವಳಿದ್ದಳು. ಅಟ್ಟ ಗುಡಿಸುವಾಗ ಅಮ್ಮನ ದನಿಯ ಕ್ಯಾಸೆಟ್ ಸಿಕ್ಕಿತೆಂದು ಗಂಡ ಬೆಳಗ್ಗೆಯೇ ತಂಗಿಗೆ ಫೋನಿನಲ್ಲಿ ಹೇಳಿ ಕೆಲಸಕ್ಕೆ ಹೋಗಿದ್ದ. ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ.

ಅವನನ್ನೇ ಕೇಳಬಹುದಿತ್ತು; ಅತ್ತೆ ಆಡುತ್ತಿದ್ದ ಭಾಷೆ ಅವನ ಮನೆಮಾತು, ಇವಳದಲ್ಲ. ಆದರೆ ಮದುವೆಯಾದ ವರ್ಷದೊಳಗೆ ಆ ಭಾಷೆಯನ್ನು ಅರೆದು ಕುಡಿದೆನೆಂದು ನೆಂಟರಿಗೆಲ್ಲ ಹೇಳಿಕೊಂಡು ಬಂದವಳು ಈಗ ಯಾವ ಮುಖ ಹೊತ್ತು ಕೇಳುವುದು? ಅಂಗಡಿಯಲ್ಲಿ, ಬಸ್ಸಿನಲ್ಲಿ ಆ ಕುಡಿದದ್ದು ಸಾಕಾಗುತ್ತಿತ್ತು. ಅತ್ತೆಯ ಮುಂದೆ ಸಾಲುತ್ತಿರಲಿಲ್ಲ.

ಅತ್ತೆಯದು ಅರಳು ಹುರಿದಂಥ ಮಾತು. ಸೊಸೆ ಆಗ ಕಚೇರಿಯೊಂದರಲ್ಲಿ ಟೈಪಿಸ್ಟ್. ಸಾಹೇಬರು ಟೇಪಿನಲ್ಲಿ ಹೇಳಿಟ್ಟ ಪತ್ರಗಳನ್ನು, ಕಾಲಡಿಯ ಪೆಡಲ್ ಒತ್ತಿ ನಿಲ್ಲಿಸುತ್ತ, ಹಿಂದಕ್ಕೆ ಓಡಿಸುತ್ತ ಬಡಿಯುವವಳು. ಅತ್ತೆಗೆ ಪೆಡಲ್ ಇರಲಿಲ್ಲ. ಒಂದು ಪದ ಹಿಡಿದು ಅರ್ಥ ಹುಡುಕುವಷ್ಟರಲ್ಲಿ ಇಪ್ಪತ್ತು ಪದ ಓಣಿ ದಾಟಿರುತ್ತಿದ್ದವು. ಹಾಗಾಗಿ ಭಾನುವಾರದ ಮಧ್ಯಾಹ್ನಗಳಲ್ಲಿ, ಅಡುಗೆಮನೆಯ ಕಿಟಕಿಯ ಬಿಸಿಲಲ್ಲಿ ಕೂತು, ಅವಳು ಬೆಳ್ಳುಳ್ಳಿ ಸುಲಿಯುತ್ತ ಹೂಂಗುಟ್ಟುತ್ತಿದ್ದಳು. ಅತ್ತೆ ಹೇಳುತ್ತಲೇ ಇರುತ್ತಿದ್ದರು. ಅಂಥ ಮಧ್ಯಾಹ್ನಗಳು ಆಮೇಲೆ ಆ ಮನೆಗೆ ಬರಲಿಲ್ಲ.

ಕಚೇರಿ ಮುಚ್ಚಿದಾಗ ಆ ಟೇಪಿನ ಯಂತ್ರ ಅವಳ ಪಾಲಿಗೆ ಬಂತು. ಅದನ್ನು ಪರೀಕ್ಷಿಸಲು ಅತ್ತೆಯ ಮಾತನ್ನೇ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದಳು. ಅವತ್ತೇ ಅತ್ತೆ ಅವಳ ಮಣಿಕಟ್ಟು ಹಿಡಿದು ಏನೋ ಕೇಳಿದರು. ಎರಡು ಸಲ ಕೇಳಿದರು. ಇವಳು ಹೂಂ ಅಂದಳು. ಅತ್ತೆ ನಕ್ಕು ಕೈಬಿಟ್ಟರು. ಎರಡು ತಿಂಗಳಿಗೆ ತೀರಿಕೊಂಡರು. ಕ್ಯಾಸೆಟ್ ಎಲ್ಲೋ ಸೇರಿತು. ಏನೆಂದು ಮಾತು ಕೊಟ್ಟೆನೋ, ಎಷ್ಟು ಸಲ ಮುರಿದೆನೋ ಎಂಬ ಅಳುಕು ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಉಳಿಯಿತು.

ಎರಡು ಗಂಟೆಗೆ ಕ್ಯಾಸೆಟ್ ಹಾಕಿ, ವೇಗದ ತಿರುಪನ್ನು ಪೂರ್ತಿ ನಿಧಾನಕ್ಕೆ ತಿರುಗಿಸಿದಳು. ಅತ್ತೆಯ ದನಿ ನೆಗಡಿಯಾದ ಕಾವಲುಗಾರನದಾಯಿತು. ಒಂದು ಪದ ಮುಗಿಯುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತಿತ್ತು. ಒಂದು ಗಂಟೆಯಲ್ಲಿ ಕಾಗದದ ಮೇಲೆ ಹನ್ನೆರಡು ಪದ ಬಿದ್ದವು, ಒಂದಕ್ಕೊಂದು ನೆಂಟಸ್ತನವಿಲ್ಲ.

ಹಾಳಾಗಿಹೋಗಲಿ, ದನಿಯನ್ನಾದರೂ ಕೇಳೋಣವೆಂದು ತಿರುಪನ್ನು ಸರಿಯಾದ ವೇಗಕ್ಕೆ ತಂದು, ರಾತ್ರಿಯ ಅಡುಗೆಗೆ ಬೆಳ್ಳುಳ್ಳಿ ಸುಲಿಯಲು ಕೂತಳು. ಪದಗಳನ್ನು ಹಿಡಿಯುವ ಗೋಜಿಗೆ ಹೋಗಲಿಲ್ಲ. ಆಗ ಕೇಳಿಸಿತು: ಅತ್ತೆ ಎಲ್ಲ ಕಡೆಯೂ ಓಡುತ್ತಿರಲಿಲ್ಲ. ಉಸಿರು ತೆಗೆದುಕೊಳ್ಳುವ ಮುಂಚೆ ಒಂದು ಕಡೆ ನಿಧಾನಿಸುತ್ತಿದ್ದರು; ಹೇಳಬೇಕಾದ್ದು ಅಲ್ಲಿರುತ್ತಿತ್ತು. ಆ ಭಾಷೆಯಲ್ಲಿ ಅಕ್ಷರ ಜಾಸ್ತಿ, ಸಂಗತಿ ಎಲ್ಲರ ಮನೆಯಷ್ಟೇ. ನಿಧಾನಿಸಿದ ಕಡೆಗಳನ್ನು ಜೋಡಿಸಿಕೊಂಡಾಗ ಅತ್ತೆಯ ಮಾತು ತಿಳಿಯಿತು:

"ನಿನಗೆ ಇದೊಂದೂ ಅರ್ಥ ಆಗಲ್ಲ ಅಂತ ಮೊದಲ ವಾರದಿಂದ್ಲೇ ಗೊತ್ತು ಕಣೇ. ಅದಕ್ಕೇ ನಿನ್ನ ಹತ್ರ ಹೇಳೋದು. ಮಗಳಿಗೆ ಎಲ್ಲಾ ಅರ್ಥ ಆಗುತ್ತೆ, ನಾನು ಬಾಯಿ ತೆರೆಯೋ ಮುಂಚೆ ಉತ್ತರ ಕೊಡ್ತಾಳೆ. ಈ ಮನೇಲಿ ನನ್ನ ಮಾತು ಕೊನೇವರೆಗೂ ಕೇಳಿದವಳು ನೀನೊಬ್ಬಳೇ. ಅವಳಿಗೆ ಹೇಳ್ಬೇಡ, ನೊಂದ್ಕೋತಾಳೆ. ಹೇಳಲ್ಲ ತಾನೆ?... ಹೇಳಲ್ಲ ತಾನೆ?"

"ಹೂಂ," ಅಂದಿತು ಟೇಪಿನೊಳಗಿನ ಅವಳದೇ ಎಳೆಯ ದನಿ.

ಹನ್ನೊಂದು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಅಷ್ಟು ನಿಷ್ಠೆಯಿಂದ ಗುಟ್ಟು ಕಾಯುವುದು ಗುಟ್ಟು ಗೊತ್ತಿಲ್ಲದವರಿಗೇ ಸಾಧ್ಯ. ಕಷ್ಟವೇನಿದ್ದರೂ ಇನ್ನು ಮುಂದೆ. ಬಾಗಿಲು ಬಡಿದ ಸದ್ದಾಯಿತು. ಅವಳು ಟೇಪನ್ನು ಹಿಂದಕ್ಕೆ ಓಡಿಸಿ, ಕಣ್ಣೊರೆಸಿಕೊಂಡು, ತಿರುಪನ್ನು ಮತ್ತೆ ಪೂರ್ತಿ ನಿಧಾನಕ್ಕೆ ತಿರುಗಿಸಿದಳು.

"ಎಲ್ಲಿ ಅತ್ತಿಗೆ, ಹಾಕಿ ಹಾಕಿ. ಅಮ್ಮ ನನ್ನ ವಿಷಯ ಹೇಳಿದ್ದಾಳಾ? ಹೇಳೇ ಇರ್ತಾಳೆ ಬಿಡಿ," ಎನ್ನುತ್ತಲೇ ನಾದಿನಿ ಚಪ್ಪಲಿ ಬಿಟ್ಟಳು. ಟೇಪು ತಿರುಗಿತು. "ಇದೇನು, ಎಮ್ಮೆ ನಡೆದ ಹಾಗೆ?"

"ಯಂತ್ರಕ್ಕೂ ವಯಸ್ಸಾಯ್ತಲ್ಲಮ್ಮ."

"ನಿಮಗೇನಾದ್ರೂ ತಿಳೀತಾ? ನೀವು ಅರೆದು ಕುಡಿದವರು!"

ಸೊಸೆ ಒಂದು ಎಸಳು ಸುಲಿದು ತಟ್ಟೆಗೆ ಹಾಕಿದಳು. "ಎಲ್ಲಿ ಕುಡಿದದ್ದು? ಅತ್ತೆ ಮಾತು ಒಂದು ದಿನಾನೂ ನನಗೆ ಅರ್ಥ ಆಗಿಲ್ಲ. ಸುಮ್ನೆ ಹೂಂ ಅಂತಿದ್ದೆ."

ನಾದಿನಿ ಹೊಟ್ಟೆ ಹಿಡಿದು ನಕ್ಕಳು. ಊರಿಗೆಲ್ಲ ಹೇಳ್ತೀನಿ ಅಂದಳು. ನಕ್ಕು ಮುಗಿದ ಮೇಲೆ ಯಂತ್ರದ ಕಡೆಗೆ ಬಾಗಿ, ಆ ದಪ್ಪ, ಎಳೆದೆಳೆದು ಬರುವ ದನಿಗೆ ಕಿವಿಕೊಟ್ಟಳು. ನಡುವೆ ಬಾಯಿ ಹಾಕಲಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ "ಹೂಂ" ಅಂದಳು.

ಅದು ಎಂಥ ಹೂಂ ಎಂದು ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಬೆಳ್ಳುಳ್ಳಿಯ ತಟ್ಟೆಯನ್ನು ಅವಳ ಕಡೆಗೂ ಸರಿಸಿದಳು.