ಎರಡು ಗುಂಡಿನ ನಡುವೆ ಒಂದು ಬೀಡಿ

ಆ ಮಾತನ್ನು ಸೋಮಯ್ಯ ಆಡಬಾರದಿತ್ತು. ಆಡಿದ್ದೂ ಮಾವನ ಮನೆಯ ಜಗಲಿಯಲ್ಲಿ ಕೂತು, ಗೋಡೆಯಾಚೆ ಮಾವ ಸಾಂತಪ್ಪ ಮಂಚದ ಮೇಲೆ ಎಚ್ಚರವಾಗಿದ್ದಾಗ.

ಹೆಂಡತಿಯ ತಮ್ಮ ಕೂಸಪ್ಪನ ಕೈಯಿಂದ ಕೋವಿಗೆ ತುಂಬುವ ಒಂದು ತೋಟೆ ಇಸಕೊಂಡು, ತನ್ನ ಜೇಬಿನದೊಂದನ್ನು ಅದರ ಪಕ್ಕ ಅಂಗೈಯಲ್ಲಿಟ್ಟುಕೊಂಡು, ತಾನು ಹಿಂದೆ ಇದ್ದ ಪಟ್ಟಾಳಂನಲ್ಲಿ ಹೊಸಬರಿಗೆ ಪಾಠ ಹೇಳಿದ ಹಾಗೆ ಹೇಳುತ್ತಿದ್ದ. ಅವನದು ತ್ರೀನಾಟ್‌ತ್ರೀ, ದೊರೆಯೊಬ್ಬ ಎಸ್ಟೇಟು ಮಾರಿ ಹೋಗುವಾಗ ಬಿಟ್ಟುಹೋದ ಕೋವಿಯದು. ಕೂಸಪ್ಪನದು ತ್ರೀಫಿಫ್ಟೀನ್, ಸಾಂತಪ್ಪ ಹರೆಯದಲ್ಲಿ ಮದ್ರಾಸಿನಿಂದ ತರಿಸಿದ ಕೋವಿಯದು.

"ನಂದರ ಗುಂಡ್ ಸಪೂರ. ಹಗುರ. ಗದ್ದೆ ದಾಟಿ ನೆಟ್ಟಗೆ ಹೋದದೆ. ನಿಂದರದ್ದ್ ನೋಡ್, ಹೊಟ್ಟೆ ದಪ್ಪ. ಹತ್ತಿರದ ಹಂದಿಗೆ ಸೈ. ನೂರು ಗಜ ದಾಟಿದರೆ ಸುಸ್ತ್, ಕೆಳಗೆ ಕೂತುಬುಟ್ಟದೆ."

"ಕೋವಿ ಹಳೇದ್ ಅಂತ ಹೇಳಿಕೆ ಇಷ್ಟ್ ಮಾತಾ ಬಾವ?"

"ಹಳೇದಲ್ಲ ಮಾರಾಯ. ಮಾವನಂಗೆ ಅದೂ ಮಂಚ ಹಿಡ್ದುಟ್ಟು."

ಹೇಳಿ ನಕ್ಕ. ಒಳಗಿನಿಂದ ಮಂಚದ ಹಗ್ಗ ಕಿರುಗುಟ್ಟಿತು, ಅಷ್ಟೆ. ಸಾಂತಪ್ಪ ಕಿತ್ತಳೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಆಗಲೇ ನಲವತ್ತು ದಿನ.

ಕೂಸಪ್ಪನಿಗೆ ಮೈ ಉರಿಯಿತು. ಕೋವಿಗೆ ಪೂಜೆ ಮಾಡುವ ಕೈಲು ಮುಹೂರ್ತದ ಹಬ್ಬದ ದಿನ ಊರವರೆಲ್ಲ ನೋಡುತ್ತಿದ್ದಾಗ ಅವನು ಇದೇ ಕೋವಿಯಲ್ಲಿ ತೆಂಗಿನಕಾಯಿಗೆ ಹೊಡೆದು ತಪ್ಪಿದ್ದ. ಅವತ್ತಿನಿಂದ ಎಲ್ಲಿ ಹೋದರೂ ಅದೇ ಮಾತು. ಅಪ್ಪ ಏನೂ ಕೇಳಿರಲಿಲ್ಲ, ಅವನೂ ಏನೂ ಹೇಳಿರಲಿಲ್ಲ. ಈಗ ಬಾವ ಅಪ್ಪನ ಕಿವಿಗೇ ಬೀಳುವ ಹಾಗೆ ಹೇಳಿಬಿಟ್ಟಿದ್ದ.

"ಏಳಿ ಬಾವ. ಈಗಲೇ ನೋಡೊಮ. ಎರಡ್ ಕಾಯಿ, ನಿಂಗಳದ್ ಒಂದ್ ಗುಂಡ್, ನಂದ್ ಒಂದ್."

ಕೂಸಪ್ಪನ ಹತ್ತಿರ ಇದ್ದುದೇ ಎರಡು ತೋಟೆ. ಇನ್ನು ಮುಂದೆ ಎಲ್ಲ ಮೈಸೂರಿನಿಂದಲೇ ಬರಬೇಕು ಎಂದು ಅಂಗಡಿಯವನು ಹೋದ ವರ್ಷದಿಂದ ಸತಾಯಿಸುತ್ತಿದ್ದ.

ಗದ್ದೆಯ ಈಚೆ ಕಣದಲ್ಲಿ ನಿಂತರೆ ಆಚೆಯ ಮಣ್ಣಿನ ದರೆಗೆ ಇನ್ನೂರೈವತ್ತು ಗಜ. ದರೆಯ ಮುಂದೆ ಎರಡು ಗೂಟ ನೆಟ್ಟು, ಒಂದೊಂದರ ತಲೆಗೆ ಒಂದೊಂದು ಕಾಯಿ ಕಟ್ಟಿ ಬಂದರು. ಕೂಸಪ್ಪನ ತಾಯಿ ಬೊಳ್ಳಮ್ಮ ಕೊಟ್ಟಿಗೆಯ ಹತ್ತಿರದಿಂದ ಕೂಗಿದಳು: "ಒಂದ್ ಹೊಡ್ದಾದ ಮೇಲೆ ತಡೀಕು ಮಕ್ಕಳೇ! ಮನೇಲಿ ಮಲಗಿದವ್ರ್ ಒಳೊ!"

"ಗೊತ್ತುಟ್ಟು ಅತ್ತೆ," ಎಂದ ಸೋಮಯ್ಯ. "ನಡುವೆ ಒಂದ್ ಬೀಡಿ ಎಳ್ದನೆ."

ಅದು ಅಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಗಂಡು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಬೆನ್ನಿಗೇ ಇನ್ನೊಂದು, ಎರಡು. ಹಬ್ಬವಲ್ಲದ ದಿನ ಎರಡು ಗುಂಡು ಕೂಡಿ ಕೇಳಿದರೆ ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ.

ಸೋಮಯ್ಯ ಮಂಡಿಯೂರಿ ಹೊಡೆದ. ಕಾಯಿ ಬಿಳಿಯಾಗಿ ಸಿಡಿಯಿತು. ಅವನು ತಿರುಗಿ, ಕಿವಿಯ ಹಿಂದಿನಿಂದ ಬೀಡಿ ತೆಗೆಯುತ್ತಾ, "ಇನ್ನ್ ನಿನ್ನ ಮಂಚ ಎಬ್ಬಿಸ್," ಎಂದ.

ಗೀರಿದ ಕಡ್ಡಿ ಬೀಡಿಗೆ ತಾಗುವಷ್ಟೂ ಹೊತ್ತು ಕೂಸಪ್ಪ ತಡೆಯಲಿಲ್ಲ. ಕೋವಿ ಎತ್ತಿದ, ಹೊಡೆದ. ಕಾಯಿ ಹಾಗೇ ಇತ್ತು. ಅದರ ಕೆಳಗೆ, ಗೂಟದ ಪಕ್ಕ, ಕೆಂಪು ಮಣ್ಣು ಹಾರಿತು.

ಎರಡು ಸದ್ದೂ ಒಂದರ ಹಿಂದೆ ಒಂದು ಬೆಟ್ಟ ಹತ್ತಿ ಹೋದವು. ಸೋಮಯ್ಯನ ಕೈಯಲ್ಲಿ ಬೆಂಕಿಕಡ್ಡಿ ಉರಿದು ಬೆರಳು ಸುಟ್ಟಿತು.

"ಎಂಥ ಮಾಡ್ದ್ಯಾ ಮೂರ್ಖ!"

"ನಿಂಗ ನಗ್ತಾ ನಿಂತರೆ ನಾ ಎಂಥ ಮಾಡಿಕು!"

ಒಳಗಿನಿಂದ ಸಾಂತಪ್ಪನ ದನಿ ಬಂತು: "ಬೊಳ್ಳಮ್ಮ, ಯಾರ್ ಸತ್ತದ್?"

ನೆರೆಮನೆಯವರು ಬಂದರು, ಬೈದುಕೊಂಡು ಹೋದರು. ಬಾವ ಬಾಮೈದ ಇಬ್ಬರೂ ಮುಖ ನೋಡಿಕೊಳ್ಳದೆ ಜಗಲಿಯ ಎರಡು ತುದಿಯಲ್ಲಿ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಗದ್ದೆ ಬದುವಿನ ಮೇಲೆ ಅಳು ಕೇಳಿಸಿತು. ಮುಂದೆ ಪೂವಮ್ಮ, ಸಾಂತಪ್ಪನ ಮಗಳು, ಸೋಮಯ್ಯನ ಹೆಂಡತಿ. ಬೆಟ್ಟದಾಚೆಯಿಂದ ಮೂರು ಮೈಲಿ ಬರಿಗಾಲಲ್ಲಿ ಬಂದಿದ್ದಳು. ಹಿಂದೆ ಅವಳ ಗಂಡನ ಮನೆ ಕಡೆಯವರು ಏಳೆಂಟು ಜನ, ಒಬ್ಬರ ಕಂಕುಳಲ್ಲಿ ಹೊಸ ಬಿಳಿ ಬಟ್ಟೆ.

ಜಗಲಿಯಲ್ಲಿ ಕೂತ ಇಬ್ಬರನ್ನೂ ದಾಟಿ ಒಳಗೆ ಓಡಿದಳು. ಮಂಚದ ಮೇಲೆ ದಿಂಬಿಗೊರಗಿ ಅಪ್ಪ ಗಂಜಿ ಕುಡಿಯುತ್ತಿದ್ದ.

ಅಳು ನಿಂತಿತು. ಹೊರಗೆ ಬಂದಾಗ ಅವಳ ಮುಖ ನೋಡಿ ಸೋಮಯ್ಯ ಎದ್ದು ನಿಂತ.

"ತೋಟೆ ಯಾವ್ದ್ ಒಳ್ಳೇದ್ ಅಂತ ನೋಡ್ದೊ," ಎಂದ.

"ನೋಡ್ದರಿ! ನಿಂಗಳ ಕೋವಿ ಸದ್ದ್ ನಂಗೆ ಗೊತ್ತಿಲ್ಲೆನ? ಬಟ್ಟೆ ಹರ್ದಂಗೆ ಒಂದ್, ಅದ್ ನಿಂಗಳದ್. ಹಿಂದೆಯೇ ಗುಡುಗ್ದಂಗೆ ಒಂದ್, ಅದ್ ಅಪ್ಪನ ಕೋವಿದ್. ಅಳಿಯಂದ್ ಒಂದ್, ಮಗಂದ್ ಒಂದ್! ಬೇರೆ ಯಾರ ಕೋವಿ ಆಗಿದ್ದರೂ ನೆರೆಯವ್ರ್ ಯಾರೋ ಅಂತ ತಿಳ್ಕಂತಿದ್ದೆ. ಈ ಎರಡ್ ಕೋವಿ ಕೂಡಿ ಇನ್ನ್ ಯಾರಿಗೆ ಹೊಡೆದವೆ? ದಾರಿ ಇಡೀ ಅಪ್ಪನ್ನ ಸುಟ್ಟ್ ಬಂದೆ ನಾ. ಮೂರ್ ಮೈಲಿ!"

"ಅಕ್ಕ, ಬಾವ ಅಪ್ಪನ ಕೋವಿಗೆ..."

"ನೀ ಬಾಯಿ ಮುಚ್ಚ್!"

"ಕೂಸಪ್ಪ, ಒಳಗೆ ಬಾ," ಎಂದ ಸಾಂತಪ್ಪ.

ಕೂಸಪ್ಪ ಬಾಗಿಲಲ್ಲಿ ನಿಂತ.

"ಎಷ್ಟ್ ಕೆಳಗೆ ಬಿತ್ತ್?"

"ಒಂದ್ ಮೊಳ."

"ಒಂದ್ ಮೊಳ ನಾಲ್ಕ್ ಬೆರಳು." ಮುದುಕ ಗಂಜಿಯ ಬಟ್ಟಲನ್ನು ಬಾಯಿಂದ ಇಳಿಸಿದ. "ಆ ದರೆಗೆ ಅಷ್ಟ್ ಮೇಲೆ ಹಿಡೀಕು. ಗುಂಡ್ ಭಾರ, ಬಿದ್ದದೆ. ಇಪ್ಪತ್ತ್ ವರ್ಷ ಅದೇ ದರೆಗೆ ಹೊಡೆದೊಳೆ. ಹಬ್ಬದ ದಿನ ತಪ್ಪಿದೆ, ಬಂದ್ ಕೇಳಿಲ್ಲೆ. ಇವತ್ತೂ ಕೇಳಿಲ್ಲೆ. ನಂಗೆ ಮುರ್ದದ್ ಸೊಂಟ ಕಣೊ, ಬಾಯಲ್ಲ! ನನ್ನ ಕೋವಿನ ಎರಡ್ ಸಲ ನಗೆಪಾಟಲ್ ಮಾಡ್ದೆ. ನನ್ನ ಸಾವಿನ ಗುಂಡೂ ಹೊಡ್ದ್ ಮುಗಿಸ್ದೆ. ಇನ್ನ್ ನಾ ಸತ್ತರೆ ಯಾವನೂ ಹೊಡಿಯದ್ ಬೇಡ!"

ಬೊಳ್ಳಮ್ಮ ಬಟ್ಟಲು ತೆಗೆದುಕೊಳ್ಳಲು ಹೋದಳು. ಅವನು ಕೊಡಲಿಲ್ಲ.

"ಹೋಗ್. ಬೆಟ್ಟದ ಆ ಕಡೆ ಈ ಕಡೆ ಒಂದ್ ಮನೇನೂ ಬುಡದೆ ಹೋಗ್. ಅಪ್ಪ ಬದ್ಕಿ ಒಳೊ ಅಂತ ನಿನ್ನ ಬಾಯಲ್ಲೇ ಹೇಳ್. ಆ ಪಟ್ಟಾಳದವನ್ನೂ ಕರ್ಕೊಂಡ್ ಹೋಗ್."

ಕೂಸಪ್ಪ ಗೋಡೆಗೊರಗಿಸಿದ್ದ ಕೋವಿ ಎತ್ತಿಕೊಂಡು, ಉಳಿದ ಒಂದು ತೋಟೆಯನ್ನು ತುಂಬುತ್ತಾ ಕಣದ ಕಡೆಗೆ ಸರಸರ ನಡೆದ. ಕಾಯಿ ಇನ್ನೂ ಗೂಟದ ಮೇಲಿತ್ತು. ಒಂದು ಮೊಳ ನಾಲ್ಕು ಬೆರಳು. ಕೋವಿ ಎತ್ತಿ ಕಾಯಿಯ ಮೇಲಿನ ಬರಿ ಮಣ್ಣಿಗೆ ಗುರಿ ಹಿಡಿದ.

ಹಿಂದಿನಿಂದ ಬಂದು ಪೂವಮ್ಮ ನಳಿಗೆಯನ್ನು ಹಿಡಿದು ಮೇಲಕ್ಕೆತ್ತಿದಳು.

"ಬುಡ್ ಅಕ್ಕ. ಒಂದೇ. ಅಪ್ಪಂಗೆ ತೋರ್ಸಿಕು."

"ಒಂದ್ ಹೊಡ್ದರೆ ಗಂಡ್ ಹುಟ್ಟಿತ್ ಅಂತ ಬಂದವೆ. ಬೆಲ್ಲ ನೀ ಹಂಚಿಯಾ?"

ಅಕ್ಕನ ಜೊತೆ ಬಂದವರಲ್ಲಿ ಯಾರೋ ಕಿಸಕ್ಕೆಂದರು. ಪೂವಮ್ಮ ನಗಲಿಲ್ಲ. ಕೋವಿಯ ಚಿಲಕ ಎಳೆದು, ಹೊರಗೆ ಬಿದ್ದ ತೋಟೆಯನ್ನು ಹೆಕ್ಕಿ ಸೆರಗಿನ ತುದಿಗೆ ಗಂಟು ಹಾಕಿದಳು.

"ಇದ್ ನನ್ನ ಹತ್ರ ಇರ್ಲಿ. ನಿಜವಾದ ದಿನ ತಂದ್ ಕೊಟ್ಟನೆ. ಆಕಾಶಕ್ಕೆ ಹೊಡಿಯಕೆ ಮೊಳವೂ ಬೇಡ, ಬೆರಳೂ ಬೇಡ."

ಕೂಸಪ್ಪ ಖಾಲಿ ಕೋವಿಯನ್ನು ಅವಳ ಕೈಗೇ ಕೊಟ್ಟು ಗದ್ದೆಗಿಳಿದ. ಸೋಮಯ್ಯ ಹತ್ತು ಮಾರು ಹಿಂದೆ ಬಂದ. ಮೊದಲ ಮನೆ ದರೆಯ ಮೇಲಿತ್ತು. ದಾರಿ ಗೂಟಗಳ ಪಕ್ಕದಲ್ಲೇ ಹೋಗುತ್ತಿತ್ತು. ಕೂಸಪ್ಪ ಅಲ್ಲಿ ನಿಂತು, ಗುಂಡು ಹೊಕ್ಕ ತೂತಿನಿಂದ ಕಾಯಿಯವರೆಗೆ ಮೊಳ ಹಾಕಿದ. ಒಂದು ಮೊಳ. ಮೇಲೆ ಬೆರಳು ಇಟ್ಟ. ನಾಲ್ಕು.

ಕಾಯಿಯನ್ನು ಕಿತ್ತು ಕೆಸರಿಗೆ ಎಸೆದು ಮೇಲೆ ಹತ್ತಿದ.