ಕೀಳಲಾಗದ ಹಲ್ಲು

ದಿಲ್ಲಿಯ ಮುನಿರ್ಕಾದ ಗಲ್ಲಿಯಲ್ಲಿ ಮೋನಪ್ಪನವರ ಇಡ್ಲಿ-ದೋಸೆ ಹೋಟೆಲಿನ ಮೇಲಿನ ಮಹಡಿಯಲ್ಲೇ ಡಾಕ್ಟರ್ ಹಂಸಾಳ ಹಲ್ಲಿನ ಕ್ಲಿನಿಕ್. ಹನ್ನೊಂದು ವರ್ಷಗಳಿಂದ ಅವಳ ಮಧ್ಯಾಹ್ನದ ಊಟ ಕೆಳಗಿನಿಂದಲೇ ಬರುತ್ತಿತ್ತು. ಆದರೆ ಮೋನಪ್ಪ ರೋಗಿಯಾಗಿ ಒಮ್ಮೆಯೂ ಮೆಟ್ಟಿಲು ಹತ್ತಿದವರಲ್ಲ. ಆ ಮಂಗಳವಾರ ಹೆಂಡತಿ ಲೋಲಾಕ್ಷಿ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ಕೆಳದವಡೆಯ ಕೊನೆಯ ಹಲ್ಲು ಬೇರಿನವರೆಗೂ ಹುಳುಕಾಗಿ ಕೆನ್ನೆ ಊದಿಕೊಂಡಿತ್ತು.

“ಕಿತ್ತು ಬಿಸಾಡಿ ಡಾಕ್ಟ್ರೇ. ಹತ್ತು ದಿನದಿಂದ ಗಂಜಿ ಬಿಟ್ಟು ಬೇರೇನೂ ಇಳಿದಿಲ್ಲ” ಎಂದರು ಮೋನಪ್ಪ.

ಅವರು ಬಿಪಿ ಮಾತ್ರೆ ನುಂಗುವವರು. ಹಂಸಾ ತೋಳಿಗೆ ಪಟ್ಟಿ ಕಟ್ಟಿ ನೋಡಿದಳು. ನೂರನಲವತ್ತು. ಹಲ್ಲಿನ ಕುರ್ಚಿಯಲ್ಲಿ ಕೂತವರಿಗೆ ಅಷ್ಟು ಸಹಜ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾದಳು. ಕೀವು ತುಂಬಿದ ಜಾಗದಲ್ಲಿ ಅದು ಪೂರ್ತಿ ಹಿಡಿಯುವುದಿಲ್ಲವೆಂದು ಇನ್ನೊಂದನ್ನೂ ಕೊಟ್ಟಳು. ಆಮೇಲೆ ಹಲ್ಲನ್ನು ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿದ್ದೇ ತಡ, ಅವರ ಬೆರಳಿಗೆ ಸಿಕ್ಕಿಸಿದ್ದ ನಾಡಿ ಅಳೆಯುವ ಯಂತ್ರ ಕೂಗಿಕೊಂಡಿತು. ನಾಡಿ ಎಂಬತ್ತರಿಂದ ಮೂವತ್ತೆಂಟಕ್ಕೆ ಬಿದ್ದಿತ್ತು. ಬಿಪಿ ಎಪ್ಪತ್ತು. ಮೋನಪ್ಪನವರ ಕಣ್ಣಾಲಿಗಳು ಮೇಲಕ್ಕೆ ಹೋದವು.

ಹಂಸಾ ಇಕ್ಕಳ ಬಿಟ್ಟು, ಕುರ್ಚಿ ಮಲಗಿಸಿ, ಕಾಲುಗಳನ್ನು ಎತ್ತಿಹಿಡಿದಳು. ಒಂದು ನಿಮಿಷದೊಳಗೆ ನಾಡಿ ತಾನಾಗಿಯೇ ಏರಿತು. ಹಲ್ಲಿನಿಂದ ಕೈ ತೆಗೆದೊಡನೆ ಸರಿಹೋಗಿದ್ದು ನೋಡಿ ಅವಳಿಗೆ ಅನುಮಾನ ಬಂತು. ಇದು ಬರೀ ಹೆದರಿಕೆಯಲ್ಲ.

“ಮುಖದ ನರ ಕೆಣಕಿದ್ರೆ ಕೆಲವರಿಗೆ ಹೀಗಾಗುತ್ತೆ, ಲೋಲಾಕ್ಷಿಯಕ್ಕ. ಮೆದುಳು ಹೃದಯಕ್ಕೆ ನಿಧಾನ ಮಾಡು ಅಂದುಬಿಡುತ್ತೆ. ಬಿಪಿ ಒಂದೇ ಸಲಕ್ಕೆ ಇಳಿದುಬಿಡುತ್ತೆ. ಬಹಳ ಅಪರೂಪ. ಇಲ್ಲಿ ಬೇಡ, ದೊಡ್ಡ ಆಸ್ಪತ್ರೆಯಲ್ಲೇ ತೆಗೆಸೋಣ.”

ತಾನೇ ಫೋನು ಮಾಡಿ, ತಾನೇ ಜೊತೆಗೆ ಹೋದಳು. ಅಲ್ಲಿ ಅರಿವಳಿಕೆಯ ವೈದ್ಯರಿದ್ದರು, ನಾಡಿ ಇಳಿಯದಂತೆ ತಡೆಯುವ ಔಷಧವಿತ್ತು. ಆದರೂ ಹಲ್ಲಿಗೆ ಕೈ ಹಾಕಿದೊಡನೆ ಮೋನಪ್ಪನವರ ಹೃದಯ ಒಂಬತ್ತು ಸೆಕೆಂಡು ನಿಂತಿತು. ಎದೆ ಒತ್ತಿ ಹಿಂದಕ್ಕೆ ತಂದರು. ಹಲ್ಲು ಇದ್ದಲ್ಲೇ ಉಳಿಯಿತು. ಹೃದಯದ ವೈದ್ಯರು ನೋಡಬೇಕು, ತಾತ್ಕಾಲಿಕ ಪೇಸ್‌ಮೇಕರ್ ಹಾಕಿಯೇ ಮುಂದಿನ ಮಾತು ಎಂದರು. ಸಿಕ್ಕ ತಾರೀಖು ಮೂರು ವಾರಗಳಾಚೆಯದು. ಅಲ್ಲಿಯವರೆಗೆ ಕೀವಿಗೆ ಮಾತ್ರೆ.

ಹಂಸಾ ಪರಿಚಯದವರಿಗೆಲ್ಲ ಫೋನು ಮಾಡಿದಳು. ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದ ಅಧಿಕಾರಿಯೊಬ್ಬರಿಂದ ಆಸ್ಪತ್ರೆಗೆ ಹೇಳಿಸಿದಳು. ತಾರೀಖು ಒಂದು ದಿನವೂ ಹತ್ತಿರಕ್ಕೆ ಬರಲಿಲ್ಲ.

ಆರನೆಯ ದಿನ ಮೋನಪ್ಪ ಒಬ್ಬರೇ ಗೋಡೆ ಹಿಡಿದುಕೊಂಡು ಮೇಲೆ ಬಂದರು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ.

“ಕಾಗದ ಬರೆದುಕೊಡ್ತೇನೆ ಡಾಕ್ಟ್ರೇ. ಏನಾದ್ರೂ ನನ್ನದೇ ಜವಾಬ್ದಾರಿ. ಒಂದೇ ಏಟಿಗೆ ಎಳೆದುಬಿಡಿ.”

“ಆಗಲ್ಲ ಮೋನಪ್ಪಣ್ಣ. ಕುರ್ಚಿಯಲ್ಲೇ ಹೆಚ್ಚುಕಮ್ಮಿ ಆದ್ರೆ ಅಕ್ಕನ ಮುಖ ಹೇಗೆ ನೋಡಲಿ?”

“ಈಗ ನನ್ನ ಮುಖ ನೋಡಿ.”

ಅವಳು ನೋಡಲಿಲ್ಲ. ಮಾತ್ರೆ ಬದಲಿಸಿ ಬರೆದು, ನುಂಗುವಾಗ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡಿ ಎಂದಳು. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಎರಡು ದಿನಕ್ಕೆ ಊತ ಗದ್ದದ ಕೆಳಗಿಳಿದು ಕುತ್ತಿಗೆ ಸುತ್ತಿತು. ಆಸ್ಪತ್ರೆಯಲ್ಲಿ ಉಸಿರಿಗೆ ಕೊಳವೆ ಹಾಕಿದರು. ಪೇಸ್‌ಮೇಕರ್ ಹಾಕುವಷ್ಟು ಪುರುಸೊತ್ತಿರಲಿಲ್ಲ, ಕೀವು ಹೊರಗೆ ತೆಗೆಯಲೇಬೇಕಾಗಿತ್ತು. ದವಡೆಯ ಒಳಗೆ ಕತ್ತರಿ ತಾಗಿದಾಗ ಬಿಪಿ ಮತ್ತೆ ಕುಸಿಯಿತು. ನಂಜೇರಿ ಬಸವಳಿದಿದ್ದ ಹೃದಯ ಈ ಸಲ ಯಾವ ಔಷಧಕ್ಕೂ ಓಗೊಡಲಿಲ್ಲ. ಹೊರಗೆ ಬೆಂಚಿನ ಮೇಲೆ ಲೋಲಾಕ್ಷಿಯ ಪಕ್ಕ ಕೂತಿದ್ದ ಹಂಸಾಳಿಗೆ, ಬಾಗಿಲು ತೆರೆದು ಬಂದ ವೈದ್ಯರು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಮೋನಪ್ಪನವರ ಮಗಳು ನಿರೀಕ್ಷಾ ಕ್ಲಿನಿಕ್‌ಗೆ ಬಂದಳು. ಕಾಲೇಜಿನ ಹುಡುಗಿ, ದಿಲ್ಲಿಯಲ್ಲೇ ಬೆಳೆದವಳು. ಕೂರು ಎಂದರೂ ಕೂರಲಿಲ್ಲ.

“ಆಂಟಿ, ಸಚ್ ಹೇಳಿ, ನಿಜ ಹೇಳಿ. ಆ ದಿನ ಪಪ್ಪಾ ಒಬ್ರೇ ಬಂದಿದ್ರಲ್ಲ, ಆಗ ನೀವು ತೆಗೆದಿದ್ರೆ ಉಳೀತಿದ್ರಾ?”

ಹಂಸಾ ಆ ಪ್ರಶ್ನೆಯನ್ನು ತನಗೇ ಎಷ್ಟೋ ಸಲ ಕೇಳಿಕೊಂಡಿದ್ದಳು. ತೆಗೆದಿದ್ದರೆ ಅಲ್ಲೇ ಹೋಗುತ್ತಿದ್ದರೆಂದು ಪುಸ್ತಕ ಹೇಳುತ್ತಿತ್ತು. ಉಳಿದರೂ ಉಳಿಯುತ್ತಿದ್ದರೆಂದೂ ಅದೇ ಪುಸ್ತಕ ಹೇಳುತ್ತಿತ್ತು.

“ಗೊತ್ತಿಲ್ಲ ಕಣೇ.”

“ಮತ್ತೆ ಯಾಕೆ ತೆಗೀಲಿಲ್ಲ?”

“ಹೆದರಿದೆ.”

“ಪಪ್ಪಾಗೋಸ್ಕರವಾ, ನಿಮಗೋಸ್ಕರವಾ?”

ಹಂಸಾ ತಟ್ಟೆಯಲ್ಲಿದ್ದ ಇಕ್ಕಳವನ್ನು ಎತ್ತಿ ಡ್ರಾಯರಿನೊಳಗೆ ಇಟ್ಟಳು. ಹುಡುಗಿ ಅದನ್ನೇ ನೋಡಿದಳು.

“ಅಚ್ಛಾ” ಎಂದು ಹೊರಟುಹೋದಳು.