ಆಮೆನ್ ಆಗುವ ಮುಂಚೆ

"ಏಯ್ ಕಸದೋನೇ, ನಿನ್ ನಾತ ಮೂಗಿಗ್ ಬಡೀತದೆ, ಮೇಲ್ ಹೋಗಿ ಸಾಯಿ!"

ಕೌನ್ಸಿಲರ್ ಹಲೋರನ್ ಸಭಾಂಗಣದ ಬಾಗಿಲಲ್ಲೇ ನನ್ನನ್ನು ಅಟ್ಟಿದ. ಅವನ ಮನೆಯ ಕಸವನ್ನೂ ನಾನೇ ಎತ್ತುವುದು, ನಾತ ಯಾರದೆಂದು ಅವನಿಗೇ ಗೊತ್ತಿರಬೇಕಿತ್ತು. ಗ್ಯಾಲರಿ ಹತ್ತಿದೆ. ನಮ್ಮ ಕಪ್ಪು ಜನ ಆಗಲೇ ಕಿಕ್ಕಿರಿದಿದ್ದರು.

ಮೇಯರ್ ಹೋದ ವಾರ ತೀರಿಕೊಂಡಿದ್ದ. ಇವತ್ತು ಸಂಜೆ ಐದರೊಳಗೆ ಕೌನ್ಸಿಲ್ ಬೇರೆಯವರನ್ನು ಆರಿಸದಿದ್ದರೆ ಕೌನ್ಸಿಲ್ ಅಧ್ಯಕ್ಷೆಯೇ ಮೇಯರ್, ಅದು ಊರಿನ ಕಾನೂನು. ಅಧ್ಯಕ್ಷೆ ನಮ್ಮ ಓರಾಲೀ ಹಾಲ್ಬರ್ಟ್. ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದವಳು, ಕಸದವರ ಮುಷ್ಕರದಲ್ಲಿ ನಮಗೆ ಊಟ ಬಡಿಸಿ ಜೈಲಿಗೆ ಹೋದವಳು, ಬಾಗಿಲು ಬಾಗಿಲು ತಟ್ಟಿ ಊರಿನ ಜನರ ಮತದಿಂದಲೇ ಅಧ್ಯಕ್ಷೆಯ ಚುನಾವಣೆ ಗೆದ್ದವಳು. ಅವಳು ಕುರ್ಚಿಗೆ ಬಂದರೆ ನಮ್ಮ ಓಣಿಗೂ ಕಸದ ಲಾರಿ ಬರುತ್ತದೆ. ಹಲೋರನ್ ಬಂದರೆ ಇಲಿಗಳ ಜೊತೆಗೇ ಸಂಸಾರ. ಬಹುಮತ ಅವನ ಜೇಬಿನಲ್ಲಿತ್ತು. ಕಾಲು ಗಂಟೆಯ ಕೆಲಸ ಎಂದುಕೊಂಡು ಮೂರಕ್ಕೆ ಸಭೆ ಕರೆಸಿದ್ದ.

ಸಭೆ ಪ್ರಾರ್ಥನೆಯಿಂದ ಶುರುವಾಗಬೇಕು. ಆಮೆನ್ ಆಗುವವರೆಗೆ ಯಾರೂ ಏನೂ ಮಂಡಿಸುವಂತಿಲ್ಲ. ಇವತ್ತಿನ ಸರದಿ ನಮ್ಮ ಚರ್ಚಿನದು. ಪಾದ್ರಿಗೆ ಗಂಟಲು ಕಟ್ಟಿತ್ತಂತೆ, ನೆಗಡಿಗೋ ಹಲೋರನ್ ಭಯಕ್ಕೋ ದೇವರೇ ಬಲ್ಲ. ಪಾದ್ರಿಯ ಬದಲು ಚರ್ಚಿನ ಹಿರಿಯಮ್ಮ ಮದರ್ ಝಿಲ್ಫಾ ಕೋಲೂರಿಕೊಂಡು ಬಂದಳು.

"ಎರಡ್ ಮಾತ್ ಹೇಳಿ ಮುಗ್ಸಮ್ಮ," ಎಂದ ಹಲೋರನ್. ಅವರ ಬಿಳಿಯರ ಚರ್ಚಿನಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಪಾಪ, ನಮ್ಮ ಚರ್ಚಿಗೆ ಅವನು ಕಾಲಿಟ್ಟವನೇ ಅಲ್ಲ!

"ಅಪ್ಪಾ ದ್ಯಾವ್ರೇ, ಇವತ್ತೂ ಎಬ್ಬಿಸ್ದಲ್ಲಪ್ಪಾ, ಬುದ್ಧಿ ನೆಟ್ಟಗಿಟ್ಟಲ್ಲಪ್ಪಾ..." ಎಂದು ಶುರು ಮಾಡಿದಳು. ಪ್ರಾರ್ಥನೆಯೊಳಗೆ ಬೈಬಲಿನ ಆದಾಮ ಬಂದ, ನೋಹ ಬಂದ. "ಆ ದೊರೆ ಫರೋಹ ಇದ್ನಲ್ಲಾ ತಂದೆ, ಅವ್ನೂ ಹಿಂಗೇ ಚಡಪಡಿಸ್ತಿದ್ದ!"

"ಹೇಳವ್ವಾ! ಬಿಡ್ಬ್ಯಾಡ!" ಎಂದು ಗ್ಯಾಲರಿ ಗುಡುಗಿತು.

ನಾಲ್ಕು ಹೊಡೆದರೂ ಅವಳ ಪ್ರಾರ್ಥನೆಯಲ್ಲಿ ಇಸ್ರಾಯೇಲರು ಇನ್ನೂ ಮರುಭೂಮಿಯಲ್ಲೇ ಅಲೆಯುತ್ತಿದ್ದರು. ಓರಾಲೀ ಕಣ್ಣು ಮುಚ್ಚಿ, ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು. ಹಲೋರನ್ ಮುಖ ಕೆಂಡವಾಗಿತ್ತು.

ಐದಕ್ಕೆ ಕಾಲು ಗಂಟೆ ಇದೆ ಎನ್ನುವಾಗ ಅವನು ಎದ್ದ. "ಎಳ್ಕೊಂಡ್ ಹೋಗ್ರೋ ಈ ಮುದಿ ಮುಂಡೇನ!"

"ಪ್ರಾರ್ಥನೆ ಮುಗ್ದಿಲ್ಲ," ಎಂದು ಓರಾಲೀ ಅಧ್ಯಕ್ಷೆಯ ಮೇಜಿನ ಮೇಲೆ ಸುತ್ತಿಗೆ ಬಡಿದಳು. ಪೊಲೀಸರು ಕೇಳುವುದು ಅವನ ಮಾತನ್ನೇ. ಇಬ್ಬರು ಮದರ್ ಝಿಲ್ಫಾಳ ರಟ್ಟೆ ಹಿಡಿದರು. ಅವಳ ಟೋಪಿ ಬಿತ್ತು. "ಮತ್ತೂ ತಂದೇ..." ಎನ್ನುತ್ತಲೇ ಬಾಗಿಲಾಚೆ ಹೋದಳು.

"ಆಯ್ತಲ್ಲ," ಎಂದು ಹಲೋರನ್ ಕೋಟು ಸರಿಮಾಡಿಕೊಂಡ. "ಇನ್ನು ಕೆಲ್ಸ ನೋಡಾಣ."

ಹೆಂಡತಿಯನ್ನು ಮಣ್ಣು ಮಾಡಿದ ಮೇಲೆ ನಾನು ಪ್ರಾರ್ಥನೆ ಮಾಡಿದವನಲ್ಲ. ಆದರೂ ಎದ್ದು ನಿಂತೆ.

"ಆಮೆನ್ ಆಗಿಲ್ಲ ಕಣಯ್ಯಾ! ತಂದೇ, ನಾನು ಕಸದ ಎಜ್ರ. ನಮ್ ಓಣೀಲಿ ಇಲಿ ಕೂಸಿನ್ ಬೆಳ್ಳು ಕಡ್ದದೆ, ನೀನ್ ನೋಡೀಯಾ ತಂದೇ..."

ಗ್ಯಾಲರಿಯ ತಲೆಗಳೆಲ್ಲ ಬಾಗಿದವು. ಮೆಟ್ಟಿಲ ಮೇಲೆ ಪೊಲೀಸರ ಬೂಟಿನ ಸದ್ದು ಏರಿ ಬರುತ್ತಿತ್ತು. ಪಕ್ಕದಲ್ಲಿದ್ದ ಲಾಂಡ್ರಿಯ ವರ್ನೀಸ್ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ನಿಲ್ಲಿಸ್ಬ್ಯಾಡ ಕಣಣ್ಣ. ನಿನ್ನ ಎಳ್ಕೊಂಡೋದ್ರೆ ನಾನಿವ್ನಿ."